ಬೊಲೋನ್ಯದ ಬಂಡಿಯೂ ಅದರ ಭಕ್ತರೂ

ಚರಿತ್ರೆ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡ ಓದುವ ಬಿ.ಎ. ವಿದ್ಯಾರ್ಥಿಗೆ ಇಟಲಿ ದೇಶದ ಮೋಟಾರು ಸೈಕಲ್ಲಿನ ಗೊಡವೆ ಏಕೆ ಎಂದು ನಮ್ಮ ಅಧ್ಯಾಪಕರು ಹುಬ್ಬೇರಿಸಬಹುದು. ಆ ಗೊಡವೆಯನ್ನು ನಾನು ಹುಡುಕಿಕೊಂಡು ಹೋದದ್ದಲ್ಲ. ತಾನಾಗಿಯೇ ಬಂದು ತಗಲಿಕೊಂಡಿತು. ನಂದಿಬೆಟ್ಟಕ್ಕೆ ತಿರುಗುವ ದಾರಿಗೆ ಸಮೀಪವಾಗಿ, ಬಳ್ಳಾರಿ ರಸ್ತೆಯ ಮಗ್ಗುಲಲ್ಲಿ, ನಮ್ಮ ಚಿಕ್ಕಪ್ಪನವರದೊಂದು ಸಣ್ಣ ಹೋಟೆಲು ಉಂಟು. ಭಾನುವಾರ ಬೆಳಿಗ್ಗೆ ಅಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂಡುವುದು, ಜನ ಹೆಚ್ಚಾದರೆ ಎದ್ದು ಇಡ್ಲಿ ಬಡಿಸುವುದು ನನ್ನ ಪಾಲಿನ ಕೆಲಸ. ಕೋಳಿ ಕೂಗುವ ಹೊತ್ತಿಗೆ ಬೆಂಗಳೂರಿನಿಂದ ಹೊರಟ ಮೋಟಾರು ಸೈಕಲ್ಲುಗಳ ದಂಡು ಬೆಟ್ಟದ ಸೂರ್ಯೋದಯವನ್ನು ನೋಡಿ, ಹಸಿವು ಹೊತ್ತುಕೊಂಡು ನಮ್ಮಲ್ಲಿಗೆ ಬರುತ್ತದೆ. ಯುದ್ಧಕ್ಕೆ ಹೊರಟವರಂತೆ ಮೊಣಕೈಗೆ, ಮಂಡಿಗೆ ಕವಚ ತೊಟ್ಟು ಬಂದವರು ಹೆಲ್ಮೆಟ್ಟನ್ನು ಕಳಚಿ ಮೇಜಿನ ಮೇಲಿಟ್ಟೊಡನೆ ನಮ್ಮ ನಿಮ್ಮಂತೆಯೇ ಎರಡನೆಯ ಸಲ ಚಟ್ನಿ ಕೇಳುವ ಸಾಮಾನ್ಯ ಮನುಷ್ಯರಾಗಿಬಿಡುತ್ತಾರೆ.

ಅವರಲ್ಲಿ ಮೂವರು ಸ್ನೇಹಿತರಿದ್ದಾರೆ. ಹೆಸರು ಬೇಡ. ಒಬ್ಬರ ಬಳಿ ಡುಕಾಟಿ ಕಂಪನಿಯ ಮಲ್ಟಿಸ್ಟ್ರಾಡಾ ವಿ4 ಎಂಬ ಬಂಡಿ ಇದೆ. ಇನ್ನೊಬ್ಬರ ಬಳಿ ಅದೇ ಮಲ್ಟಿಸ್ಟ್ರಾಡಾದ ಹಿಂದಿನ ಅವತಾರವಾದ 1260. ಮೂರನೆಯವರದು ಜರ್ಮನಿಯ ಬಿ.ಎಂ.ಡಬ್ಲ್ಯು. ಆರ್ 1250 ಜಿ.ಎಸ್. ಇವರನ್ನು ಕ್ರಮವಾಗಿ ಹೊಸಬರು, ಹಳಬರು, ಜರ್ಮನ್ ಪಕ್ಷದವರು ಎಂದು ಕರೆಯುತ್ತೇನೆ. ಮೂರೂ ಸಾಹಸಯಾನದ ಬಂಡಿಗಳೇ. ಎಂದರೆ ಟಾರು ರಸ್ತೆ, ಜಲ್ಲಿ ರಸ್ತೆ, ಮಣ್ಣಿನ ಜಾಡು ಯಾವುದೇ ಇರಲಿ, ಸಾಮಾನು ಸರಂಜಾಮು ಹೇರಿಕೊಂಡು ದಿನಗಟ್ಟಲೆ ದೂರ ಹೋಗಲೆಂದು ಮಾಡಿದವು. ‘ಸ್ಟ್ರಾಡಾ’ ಎಂದರೆ ಇಟಾಲಿಯನ್ ಭಾಷೆಯಲ್ಲಿ ರಸ್ತೆ. ‘ಮಲ್ಟಿಸ್ಟ್ರಾಡಾ’ ಎಂದರೆ ಹಲವು ರಸ್ತೆಗಳದ್ದು. ಇಷ್ಟು ರಸ್ತೆಗಳನ್ನು ಮೈಮೇಲೆ ಹೇರಿಕೊಂಡ ಹೆಸರಿನ ಸುತ್ತ ಜಗಳ ಹುಟ್ಟುವುದು ಮಾತ್ರ ಎಂಜಿನ್ನಿನೊಳಗೆ ಅಡಗಿರುವ, ಯಾರ ಕಣ್ಣಿಗೂ ಬೀಳದ ಒಂದು ಸ್ಪ್ರಿಂಗಿಗಾಗಿ.

“ಇದು ಡುಕಾಟಿಯೇ ಅಲ್ಲ ಗುರು” ಎಂದು ಹಳಬರು ಶುರು ಮಾಡುತ್ತಾರೆ. “ಡೆಸ್ಮೊ ಇಲ್ಲದ ಮೇಲೆ ಇನ್ನೇನು ಉಳೀತು? ಕೆಂಪು ಬಣ್ಣ!”

ಡೆಸ್ಮೊ ಎಂದರೇನೆಂದು ತಿಳಿಯಲು ನನಗೆ ನಾಲ್ಕು ಭಾನುವಾರ ಬೇಕಾಯಿತು. ಓದುಗರಿಗೆ ಅಷ್ಟು ಶ್ರಮ ಕೊಡಲಾರೆ. ನಮ್ಮ ಹೋಟೆಲಿನ ಅಡಿಗೆಮನೆಗೆ ಸ್ಪ್ರಿಂಗು ಹಾಕಿದ ಅರೆಬಾಗಿಲಿದೆ. ತಟ್ಟೆ ಹಿಡಿದವನು ದೂಡಿದರೆ ತೆರೆಯುತ್ತದೆ. ಆತ ದಾಟಿದ ಮೇಲೆ ಸ್ಪ್ರಿಂಗು ಅದನ್ನು ಎಳೆದು ಮುಚ್ಚುತ್ತದೆ. ಎಂಜಿನ್ನಿನ ವಾಲ್ವು ಇಂಥದೇ ಬಾಗಿಲು. ಕ್ಯಾಮ್ ಎಂಬ ಉಬ್ಬು ಅದನ್ನು ತಳ್ಳಿ ತೆರೆಯುತ್ತದೆ, ಸ್ಪ್ರಿಂಗು ಮುಚ್ಚುತ್ತದೆ. ಜನ ಕಡಮೆಯಿದ್ದಾಗ ಎಲ್ಲವೂ ಸರಿ. ಭಾನುವಾರದ ನೂಕುನುಗ್ಗಲಿನಲ್ಲಿ ಬಾಗಿಲು ಪೂರ್ತಿ ಮುಚ್ಚುವ ಮೊದಲೇ ಇನ್ನೊಬ್ಬ ತಟ್ಟೆ ಹಿಡಿದು ನುಗ್ಗುತ್ತಾನೆ. ಬಾಗಿಲು ಅವನ ಮೊಣಕೈಗೆ ಬಡಿಯುತ್ತದೆ, ಸಾಂಬಾರು ಚೆಲ್ಲುತ್ತದೆ. ಎಂಜಿನ್ನಿನಲ್ಲಿಯೂ ವೇಗ ಮಿತಿಮೀರಿದರೆ ಸ್ಪ್ರಿಂಗಿಗೆ ಪುರಸತ್ತು ಸಾಲದೆ ವಾಲ್ವು ತೇಲಾಡುತ್ತದೆ. ಮೇಲಕ್ಕೆ ಬರುವ ಪಿಸ್ಟನ್ನಿಗೆ ಬಡಿಯಲೂಬಹುದು. ಬಾಗಿಲಿನ ಪಕ್ಕದಲ್ಲಿ ಒಬ್ಬ ಹುಡುಗನನ್ನು ನಿಲ್ಲಿಸಿ, ಪ್ರತಿಸಲವೂ ಅವನೇ ಹಿಡಿದೆಳೆದು ಮುಚ್ಚುವಂತೆ ಮಾಡಿದರೆ? ಸ್ಪ್ರಿಂಗಿನ ಹಂಗೇ ಇಲ್ಲ. ವಾಲ್ವನ್ನು ಎಳೆದು ಮುಚ್ಚಲು ಬೇರೊಂದು ಕ್ಯಾಮ್ ಮತ್ತು ಸನ್ನೆಯನ್ನಿಟ್ಟ ಈ ಏರ್ಪಾಡಿಗೆ, ಬಂಧನ ಮತ್ತು ಓಟ ಎಂಬ ಅರ್ಥದ ಎರಡು ಗ್ರೀಕ್ ಶಬ್ದಗಳನ್ನು ಕೂಡಿಸಿ, ಡೆಸ್ಮೊಡ್ರೋಮಿಕ್ ಎಂದು ಹೆಸರಿಟ್ಟಿದ್ದಾರೆ. ಆದರೆ ಹುಡುಗನಿಗೆ ಸಂಬಳ ಕೊಡಬೇಕಷ್ಟೆ! ತೆರೆಯುವ ಸನ್ನೆಗೂ ಮುಚ್ಚುವ ಸನ್ನೆಗೂ ನಡುವಣ ಕೂದಲೆಳೆಯಷ್ಟು ಸಂದನ್ನು ಆಗಾಗ್ಗೆ ಬಿಚ್ಚಿ ಅಳೆಯಬೇಕು, ಸರಿಪಡಿಸಬೇಕು. ಬಲ್ಲ ಕೈಯೇ ಆಗಬೇಕು. ಬಲ್ಲ ಕೈಗೆ ಬೆಲೆಯೂ ಹೆಚ್ಚು.

ಇದು ಡುಕಾಟಿಯವರೇ ಕಂಡುಹಿಡಿದದ್ದಲ್ಲ. 1954ರಲ್ಲಿ ಮರ್ಸಿಡಿಸ್ ಕಂಪನಿಯವರು ತಮ್ಮ ಪಂದ್ಯದ ಕಾರಿನಲ್ಲಿ ಇದನ್ನು ಬಳಸಿದ್ದರು. ಆದರೆ ಹಿಡಿದದ್ದನ್ನು ಬಿಡದೆ ವಂಶಪಾರಂಪರ್ಯದ ಆಸ್ತಿಯಂತೆ ಕಾಪಾಡಿಕೊಂಡು ಬಂದವರು ಬೊಲೋನ್ಯದವರೇ. ಬೊಲೋನ್ಯ ನಗರದ ಅಂಚಿನಲ್ಲಿ ಬೋರ್ಗೊ ಪಾನಿಗಾಲೆ ಎಂಬ ಬಡಾವಣೆಯಲ್ಲಿ ಇವರ ಕಾರ್ಖಾನೆ. 1926ರಲ್ಲಿ ರೇಡಿಯೋ ಬಿಡಿಭಾಗಗಳನ್ನು ಮಾಡಲೆಂದು ಹುಟ್ಟಿದ ಕಂಪನಿ ಎರಡನೆಯ ಮಹಾಯುದ್ಧದ ತರುವಾಯ ಮೋಟಾರು ಸೈಕಲ್ಲಿನ ಕಡೆ ಹೊರಳಿತು. 1954ರಲ್ಲಿ ಅಲ್ಲಿಗೆ ಬಂದ ಫಾಬಿಯೊ ತಾಲಿಯೋನಿ ಎಂಬ ಎಂಜಿನಿಯರು 125 ಸಿ.ಸಿ.ಯ ಪುಟ್ಟ ಪಂದ್ಯದ ಬಂಡಿಗೆ ಡೆಸ್ಮೊ ಅಳವಡಿಸಿದರು. 1956ರಲ್ಲಿ ಅದು ಸ್ವೀಡನ್ ದೇಶದ ಪಂದ್ಯದಲ್ಲಿ ಗೆದ್ದಿತು. ಆ ಕಾಲದಲ್ಲಿ ಸ್ಪ್ರಿಂಗಿನ ಉಕ್ಕು ಇಂದಿನಷ್ಟು ಒಳ್ಳೆಯದಿರಲಿಲ್ಲ. ವೇಗ ಹೆಚ್ಚಿದರೆ ಮುರಿಯುತ್ತಿತ್ತು. ತಾಲಿಯೋನಿಯವರ ಉಪಾಯಕ್ಕೆ ಅದೇ ಕಾರಣ. 1968ರಲ್ಲಿ ರಸ್ತೆಯ ಬಂಡಿಗಳಿಗೂ ಡೆಸ್ಮೊ ಇಳಿಯಿತು. 1972ರಲ್ಲಿ ಇಮೋಲದ 200 ಮೈಲಿ ಪಂದ್ಯದಲ್ಲಿ ಮೊದಲೆರಡು ಸ್ಥಾನಗಳನ್ನು ಗಳಿಸಿದ ಮೇಲೆ ಡೆಸ್ಮೊ ಎಂಬುದು ಯಂತ್ರದ ಒಂದು ಅಂಗವಾಗಿ ಉಳಿಯಲಿಲ್ಲ, ವಂಶದ ಮುದ್ರೆಯಾಯಿತು.

ಆ ಮುದ್ರೆ 2020ರ ನವೆಂಬರಿನಲ್ಲಿ ಅಳಿಸಿತು. ಅಂದು ಲೋಕಕ್ಕೆ ತೋರಿಸಿದ ಮಲ್ಟಿಸ್ಟ್ರಾಡಾ ವಿ4ರಲ್ಲಿ ಎರಡು ಸಿಲಿಂಡರಿನ ಬದಲು ನಾಲ್ಕು; 1158 ಸಿ.ಸಿ., 170 ಅಶ್ವಶಕ್ತಿ; ಮತ್ತು ವಾಲ್ವುಗಳನ್ನು ಮುಚ್ಚಲು ಸ್ಪ್ರಿಂಗು, ಊರಿನ ಎಲ್ಲ ಬಂಡಿಗಳಲ್ಲಿರುವಂತೆಯೇ. ಹಳೆಯ ಉಕ್ಕಿನ ಕೊಳವೆಗಳ ಜಾಲರಿ ಚೌಕಟ್ಟು ಹೋಗಿ ಅಲ್ಯೂಮಿನಿಯಮ್ಮಿನ ಚೌಕಟ್ಟು ಬಂತು. ಹಿಂದಿನ ಗಾಲಿಯನ್ನು ಒಂದೇ ಕೈಯಲ್ಲಿ ಹಿಡಿದಿರುತ್ತಿದ್ದ ಸೊಗಸಾದ ತೋಳು ಹೋಗಿ ಎರಡು ತೋಳು ಬಂದವು. ಮುಂದಿನ ಗಾಲಿ 17 ಅಂಗುಲದಿಂದ 19ಕ್ಕೆ ಬೆಳೆಯಿತು. ಒಂದೇ ಏಟಿಗೆ ಇಷ್ಟು ದೇವರುಗಳನ್ನು ಗುಡಿಯಿಂದ ಹೊರಗಿಟ್ಟರೆ ಭಕ್ತರು ಸುಮ್ಮನಿರುತ್ತಾರೆಯೇ?

ಭಕ್ತರನ್ನು ಹಾಸ್ಯ ಮಾಡುವುದು ಸುಲಭ. ನಾನೂ ಮೊದಲು ಮಾಡಿದೆ. “ಸಾರ್, ಕಣ್ಣಿಗೆ ಕಾಣದ, ಕಿವಿಗೆ ಕೇಳದ ವಸ್ತುವಿಗೆ ಇಷ್ಟು ದುಃಖವೇ?” ಎಂದು ಕಾಫಿ ಇಡುತ್ತಾ ಹಳಬರನ್ನು ಕೇಳಿಯೂಬಿಟ್ಟೆ. ಅವರು ಸಿಟ್ಟಾಗಲಿಲ್ಲ. “ನೀನು ಕನ್ನಡ ಓದ್ತೀಯಲ್ಲಪ್ಪ, ನಿಮ್ಮ ಕವಿಗಳು ಪ್ರಾಸ ಬಿಟ್ಟಾಗ ಯಾರೂ ಅಳಲಿಲ್ವಾ?” ಎಂದರು. ನಾನು ನಿರುತ್ತರನಾದೆ. ಅತ್ತಿದ್ದರು, ಚೆನ್ನಾಗಿಯೇ ಅತ್ತಿದ್ದರು. 1911ರಲ್ಲಿ ಮಂಜೇಶ್ವರದ ಗೋವಿಂದ ಪೈಗಳು ಪ್ರತಿ ಪಾದದ ಎರಡನೆಯ ಅಕ್ಷರದಲ್ಲಿ ಬರಬೇಕಾದ ಪ್ರಾಸವನ್ನು ಕೈಬಿಟ್ಟಾಗ, ಇದು ಪದ್ಯವೇ ಅಲ್ಲ ಎಂದು ಹಿರಿಯರು ಮುನಿದದ್ದನ್ನು ನಾವು ತರಗತಿಯಲ್ಲಿ ಓದಿದ್ದೇವೆ. ಕನ್ನಡ ಕಾವ್ಯ ಅದರಿಂದ ಸಾಯಲಿಲ್ಲ ಎಂಬುದು ಬೇರೆ ಮಾತು. ಆದರೆ ಆ ಹಿರಿಯರ ಕಿವಿಗೆ ಏನೋ ನಷ್ಟವಾದದ್ದಂತೂ ಸುಳ್ಳಲ್ಲ.

ಹೊಸಬರ ವಾದವೇನು? ಲೆಕ್ಕದ ವಾದ. ಹಳಬರ 1260ರಲ್ಲಿ 30,000 ಕಿಲೋಮೀಟರಿಗೊಮ್ಮೆ ವಾಲ್ವುಗಳ ಸಂದನ್ನು ಬಿಚ್ಚಿ ನೋಡಬೇಕು. ವಿ4ರಲ್ಲಿ 60,000 ಕಿಲೋಮೀಟರಿಗೊಮ್ಮೆ. ನಾಲ್ಕು ಸಿಲಿಂಡರಿದ್ದರೂ ಈ ಎಂಜಿನ್ನು ಹಿಂದಿನ ಎರಡು ಸಿಲಿಂಡರಿನದಕ್ಕಿಂತ ಒಂದು ಕಿಲೋಗ್ರಾಮಿಗೂ ಹೆಚ್ಚು ಹಗುರ. ಸ್ಪ್ರಿಂಗಿನಿಂದ ಸವಾರನು ಕಳೆದುಕೊಂಡದ್ದೇನು? ಈ ಬಂಡಿಯ ಪೂರ್ಣ ಶಕ್ತಿ ದೊರೆಯುವುದು ನಿಮಿಷಕ್ಕೆ 10,500 ಸುತ್ತಿನಲ್ಲಿ. ಇಂದಿನ ಸ್ಪ್ರಿಂಗಿಗೆ ಅದು ದೊಡ್ಡ ವೇಗವಲ್ಲ. ಅದಕ್ಕಿಂತ ಮೇಲೆ ಕೂಗಬೇಕಾದ ಪಾನಿಗಾಲೆ ಎಂಬ ತಮ್ಮ ಪಂದ್ಯದ ಮಾದರಿಯಲ್ಲಿ ಡುಕಾಟಿಯವರು ಡೆಸ್ಮೊವನ್ನು ಉಳಿಸಿಕೊಂಡೇ ಇದ್ದಾರೆ. ಅಂದಮೇಲೆ ಅವರು ಮರೆತದ್ದಲ್ಲ; ಎಲ್ಲಿ ಬೇಕು, ಎಲ್ಲಿ ಬೇಡ ಎಂದು ವಿಂಗಡಿಸಿದರು.

ಈ ವಿಷಯದಲ್ಲಿ ನಾನು ಹೊಸಬರ ಪಕ್ಷ. ದೂರ ಹೋಗುವವನಿಗೆ ಬೇಕಾದದ್ದು ಕಾರ್ಯಾಗಾರದ ಹಂಗಿಲ್ಲದ ಬಂಡಿ. 60,000 ಕಿಲೋಮೀಟರೆಂದರೆ ಭೂಮಿಯನ್ನು ಒಂದು ಸುತ್ತು ಹಾಕಿ ಎರಡನೆಯದರ ಅರ್ಧಕ್ಕೆ ಬಂದಂತೆ. ಯಾವ ಬದಲಾವಣೆಯನ್ನು ಭಕ್ತರು ದ್ರೋಹವೆನ್ನುತ್ತಾರೋ, ಇಡೀ ಬಂಡಿಯಲ್ಲಿ ‘ಹಲವು ರಸ್ತೆ’ ಎಂಬ ಹೆಸರಿಗೆ ನಿಷ್ಠೆಯಿಂದ ನಡೆದುಕೊಂಡದ್ದು ಅದೊಂದೇ ಎಂದು ನನಗೆ ತೋರುತ್ತದೆ. ತಾಲಿಯೋನಿಯವರು ಡೆಸ್ಮೊವನ್ನು ಹಿಡಿದದ್ದು ಸ್ಪ್ರಿಂಗು ಮುರಿಯುತ್ತಿತ್ತೆಂದು. ಮುರಿಯದ ಸ್ಪ್ರಿಂಗು ಕೈಗೆ ಸಿಕ್ಕಮೇಲೆಯೂ ಹುಡುಗನನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡಿರುವುದು ಸಂಪ್ರದಾಯವೇ ಹೊರತು ಎಂಜಿನಿಯರಿಂಗ್ ಅಲ್ಲ. ಕಂಪನಿಯವರಿಗೂ ಹೀಗೆಯೇ ತೋರಿರಬೇಕು: 2024ರಲ್ಲಿ ಅವರು ತೋರಿಸಿದ 890 ಸಿ.ಸಿ.ಯ ಹೊಸ ಎರಡು ಸಿಲಿಂಡರಿನ ಎಂಜಿನ್ನಿನಲ್ಲೂ ಡೆಸ್ಮೊ ಇಲ್ಲ.

ಜರ್ಮನ್ ಪಕ್ಷದವರಿಗೆ ಈ ವಾಲ್ವಿನ ಜಗಳ ನೆಂಟರ ಮನೆಯ ಆಸ್ತಿ ವ್ಯಾಜ್ಯದಂತೆ. ಕೇಳಲು ರುಚಿ, ನಷ್ಟ ತಮ್ಮದಲ್ಲ. ಅವರ ಆಕ್ಷೇಪಣೆ ಬೇರೆ. “ಚೈನಿಗೆ ಎಣ್ಣೆ ಬಿಟ್ಕೊಂಡು ದೇಶ ಸುತ್ತುತೀರೇನ್ರಿ?” ಎನ್ನುತ್ತಾರೆ. ಅವರ ಬಂಡಿಯಲ್ಲಿ ಹಿಂದಿನ ಗಾಲಿಗೆ ಶಕ್ತಿ ಹೋಗುವುದು ಮುಚ್ಚಿದ ಷಾಫ್ಟಿನಿಂದ. ಧೂಳಿಲ್ಲ, ಎಣ್ಣೆಯ ಕೆಲಸವಿಲ್ಲ. ಇದಕ್ಕೆ ಹೊಸಬರಲ್ಲಿ ಸರಿಯಾದ ಉತ್ತರ ಇರುವಂತೆ ಕಾಣೆ. ಪೆಟ್ರೋಲಿನ ಮಾತು ಬಂದರಂತೂ ಅವರು ವಡೆಯ ಕಡೆ ಗಮನ ಕೊಡುತ್ತಾರೆ. ಕಂಪನಿಯವರು ಕೊಟ್ಟ ಲೆಕ್ಕದಂತೆಯೇ 100 ಕಿಲೋಮೀಟರಿಗೆ ಆರೂವರೆ ಲೀಟರು. 22 ಲೀಟರಿನ ತೊಟ್ಟಿ ಬೆಂಗಳೂರಿನಿಂದ ಮೈಸೂರಿಗೆ ಹೋಗಿ ಬರುವಷ್ಟರಲ್ಲಿ ಮುಕ್ಕಾಲಿಗಿಂತ ಹೆಚ್ಚು ಬರಿದು. ಕಂಪನಿಯವರಿಗೂ ಇದು ನಾಟಿರಬೇಕು. 2022ರಲ್ಲಿ 30 ಲೀಟರಿನ ತೊಟ್ಟಿ ಹೊತ್ತ ರ‍್ಯಾಲಿ ಎಂಬ ಮಾದರಿಯನ್ನು ತೋರಿಸಿದರು. ಕುಡಿಯುವವನಿಗೆ ಕುಡಿತ ಕಡಮೆ ಮಾಡೆಂದು ಹೇಳದೆ ದೊಡ್ಡ ಲೋಟ ಕೊಟ್ಟಂತಾಯಿತು ಎಂದು ಜರ್ಮನ್ ಪಕ್ಷದವರು ನಕ್ಕರು. ಅದು ಪೂರ್ತಿ ನ್ಯಾಯವಲ್ಲ: ಅದೇ ಮಾದರಿಯಲ್ಲಿ ಬಂಡಿ ಮೆಲ್ಲಗೆ ಓಡುವಾಗ ಹಿಂದಿನ ಎರಡು ಸಿಲಿಂಡರುಗಳು ನಿದ್ದೆ ಹೋಗುವ ಏರ್ಪಾಡೂ ಇದೆ. 19 ಅಂಗುಲದ ಗಾಲಿಯ ವಿಚಾರ ಒಂದೇ ಮಾತು: ತಿರುವಿನಲ್ಲಿ ಹಳೆಯ ಚುರುಕಿಲ್ಲವೆಂದು ಹಳಬರು ಗೊಣಗಬಹುದು, ನಮ್ಮ ಜಿಲ್ಲೆಯ ರಸ್ತೆ ಕಂಡವರು ಗೊಣಗಲಾರರು.

ಇಲ್ಲಿಯವರೆಗೆ ನಾನು ಹೊಸಬರ ಕಡೆಯ ವಕೀಲನಾದೆ. ಇನ್ನು ಅವರೊಡನೆ ನನ್ನ ತಕರಾರು.

ಹೊಸಬರು ತಮ್ಮ ಬಂಡಿಯನ್ನು ತೋರಿಸುವಾಗ ಮೊದಲು ತೋರಿಸುವುದು ಎಂಜಿನ್ನನ್ನಲ್ಲ, ಮೂತಿಯ ಮೇಲಿರುವ ಒಂದು ಚಿಕ್ಕ ಕಪ್ಪು ಪೆಟ್ಟಿಗೆಯನ್ನು. ಅದು ರೇಡಾರ್. ಹಿಂದೆ ಇನ್ನೊಂದಿದೆ. ಮುಂದೆ ಹಿಂದೆ ಎರಡೂ ಕಡೆ ರೇಡಾರ್ ಹೊತ್ತು ಮಾರಾಟಕ್ಕೆ ಬಂದ ಮೊದಲ ಮೋಟಾರು ಸೈಕಲ್ಲು ಇದು. ಮುಂದಿನದು ಎದುರಿನ ವಾಹನ ನಿಧಾನವಾದರೆ ತಾನೇ ಬಂಡಿಯನ್ನು ನಿಧಾನಿಸುತ್ತದೆ. ಹಿಂದಿನದು ಕನ್ನಡಿಗೆ ಬೀಳದ ಮೂಲೆಯಲ್ಲಿ ಬರುವವರನ್ನು ಕಂಡು ಎಚ್ಚರಿಸುತ್ತದೆ. ರಸ್ತೆಯ ಏರುತಗ್ಗಿಗೆ ತಕ್ಕಂತೆ ಕ್ಷಣಕ್ಷಣವೂ ತನ್ನನ್ನು ತಾನೇ ಬಿಗಿ ಸಡಿಲ ಮಾಡಿಕೊಳ್ಳುವ ಸಸ್ಪೆನ್ಷನ್ನು, ಸಣ್ಣ ಟೆಲಿವಿಷನ್ನಿನಂಥ ಪರದೆ, ಬಾಗಿದಾಗಲೂ ಜಾರದಂತೆ ಹಿಡಿಯುವ ಬ್ರೇಕು. ಕೇಳುತ್ತಾ ಕೇಳುತ್ತಾ ಸವಾರನಿಗೆ ಉಳಿದ ಕೆಲಸವೇನು ಎಂಬ ಸಂಶಯ ನನಗೆ ಬಂತು. ಪ್ರಾಣ ಉಳಿಸುವ ಬ್ರೇಕಿನ ಮೇಲೆ ನನ್ನ ಆಕ್ಷೇಪಣೆಯಿಲ್ಲ. ಆದರೆ ಈ ಮಿಕ್ಕ ವೈಭವವೆಲ್ಲ ಕೆಟ್ಟಾಗ ಕಂಪನಿಯ ಕಂಪ್ಯೂಟರನ್ನಲ್ಲದೆ ಬೇರೆ ಯಾವ ವೈದ್ಯನನ್ನೂ ಒಪ್ಪುವುದಿಲ್ಲ. ವಾಲ್ವಿನ ಸಂದು ಅಳೆಯುವ ಕಾಟದಿಂದ ಸವಾರನನ್ನು ಬಿಡುಗಡೆ ಮಾಡಿದ ಕಂಪನಿಯೇ ಮತ್ತೊಂದು ಹಗ್ಗದಿಂದ ಅವನನ್ನು ಅದೇ ಕಾರ್ಯಾಗಾರದ ಕಂಬಕ್ಕೆ ಕಟ್ಟಿತು. ಹಳಬರು ಹೋದ ಹಗ್ಗಕ್ಕಾಗಿ ಅಳುತ್ತಾರೆ, ಹೊಸಬರು ಬಂದ ಹಗ್ಗವನ್ನು ಆಭರಣವೆಂದು ತೋರಿಸುತ್ತಾರೆ. ಇಬ್ಬರೂ ತಪ್ಪು ಜಾಗದಲ್ಲಿ ಜಗಳವಾಡುತ್ತಿದ್ದಾರೆ ಎಂಬುದೇ ನನ್ನ ದೂರು.

ನನಗೆ ಈ ಬುದ್ಧಿ ಬಂದದ್ದು ಮೈಸೂರಿನಲ್ಲಿರುವ ಸೋದರಮಾವನವರಿಂದ. ಅವರ ಬಳಿ ಒಂದು ಯೆಜ್ಡಿ ರೋಡ್‌ಕಿಂಗ್ ಇದೆ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಂಪನಿಯವರು 1960ರ ದಶಕದ ಮೊದಲಿನಿಂದ 1996ರವರೆಗೆ ಮೊದಲು ಜಾವಾ, ಆಮೇಲೆ ಯೆಜ್ಡಿ ಎಂಬ ಹೆಸರಿನಲ್ಲಿ ಬಂಡಿಗಳನ್ನು ಮಾಡುತ್ತಿದ್ದುದು ಹಿರಿಯ ಓದುಗರಿಗೆ ನೆನಪಿರಬಹುದು. ಒದ್ದು ಎಂಜಿನ್ನನ್ನು ಎಬ್ಬಿಸುವ ಕಡ್ಡಿಯೇ ಮಡಿಸಿದರೆ ಗೇರಿನ ಕಡ್ಡಿಯೂ ಆಗುವ ವಿಚಿತ್ರ ಬಂಡಿ. ಪೆಟ್ರೋಲಿಗೆ ಎಣ್ಣೆ ಬೆರೆಸಿ ಹಾಕಬೇಕು. ಹೊಗೆ ಬಿಡುತ್ತದೆ. ಎರಡು ಸೈಲೆನ್ಸರಿನಿಂದ ಬರುವ ಆ ಟಣ್ ಟಣ್ ಶಬ್ದ ಮಾವನವರ ಬೀದಿಯ ನಾಯಿಗಳಿಗೂ ಪರಿಚಿತ. ಸೀಟಿನ ಕೆಳಗೆ ಒಂದು ಪ್ಲಗ್ಗು, ಒಂದು ಸ್ಪ್ಯಾನರು, ಒಂದು ತುಂಡು ಮರಳು ಕಾಗದ ಇಟ್ಟುಕೊಂಡು ಅವರು ತಲಕಾವೇರಿಗೂ ಹೋಗಿಬಂದಿದ್ದಾರೆ.

2018ರಲ್ಲಿ ಬೇರೊಂದು ಕಂಪನಿಯವರು ಜಾವಾ ಹೆಸರನ್ನು ಮತ್ತೆ ಎಬ್ಬಿಸಿದಾಗ ಮಾವನವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ನೋಡಲು ಹೋದರು. ಬಂದವರು ಚಪ್ಪಲಿ ಬಿಡುತ್ತಲೇ, “ಹೆಸರು ಅದೇ ಕಣೋ, ಉಸಿರು ಬೇರೆ” ಎಂದರು. ಹೊಸ ಜಾವಾಕ್ಕೆ ನಾಲ್ಕು ಹೊಡೆತದ ಎಂಜಿನ್ನು, ಅದನ್ನು ತಣ್ಣಗಿಡಲು ರೇಡಿಯೇಟರು. ಎರಡು ಹೊಡೆತದ ಹೊಗೆಯನ್ನು ಇಂದಿನ ಕಾನೂನು ಒಪ್ಪಲಾರದಷ್ಟೆ. ಹಾಗೆಂದು ನಾನು ಹೇಳಿದೆ. ಮಾವನವರು, “ಹೊಗೆ ಹೋಗಲಿ ಬಿಡೋ, ಒಳ್ಳೇದೇ ಆಯ್ತು. ನನ್ನ ಕೈಲಿ ಬಿಚ್ಚೋಕೆ ಏನು ಉಳಿಸಿದಾರೆ ಅನ್ನೋದು ಹೇಳು” ಎಂದರು. ಹಳಬರ ದುಃಖವನ್ನು ನಾನು ಅರ್ಥ ಮಾಡಿಕೊಂಡದ್ದು ಅಂದು. ಅವರಿಗೂ ಬೇಕಾದದ್ದು ಡೆಸ್ಮೊ ಅಲ್ಲವೇನೋ. ಯಂತ್ರಕ್ಕೂ ತಮಗೂ ನಡುವೆ ಏನೋ ಒಂದು ಕೊಡುಕೊಳ್ಳುವಿಕೆ. ಆದರೆ ಡೆಸ್ಮೊವಿನ ಸಂದನ್ನು ಹಳಬರು ತಮ್ಮ ಕೈಯಿಂದ ಎಂದೂ ಅಳೆದವರಲ್ಲ. ಅದನ್ನೂ ಕಾರ್ಯಾಗಾರದವರೇ ಮಾಡಿ ಬಿಲ್ಲು ಕೊಡುತ್ತಿದ್ದರು. ಇದನ್ನು ಅವರಿಗೆ ಹೇಳುವ ಧೈರ್ಯ ನನಗಿನ್ನೂ ಬಂದಿಲ್ಲ.

ಬೊಲೋನ್ಯದವರು ಜಾಣರು. ಭಕ್ತರ ಅಳು ಅವರ ಕಿವಿಗೆ ಬಿತ್ತು. 2023ರಲ್ಲಿ ಮಲ್ಟಿಸ್ಟ್ರಾಡಾ ವಿ4 ಆರ್.ಎಸ್. ಎಂಬ ಮಾದರಿಯನ್ನು ತಂದು, ಅದರಲ್ಲಿ ಡೆಸ್ಮೊ ಎಂಜಿನ್ನನ್ನು ಮತ್ತೆ ಕೂಡಿಸಿದರು. 17 ಅಂಗುಲದ ಗಾಲಿ, ಒಂಟಿ ತೋಳು, ಗಲಗಲ ಸದ್ದು ಮಾಡುವ ಒಣ ಕ್ಲಚ್ಚು ಎಲ್ಲವೂ ಹಿಂತಿರುಗಿದವು. 2021ರ ಜುಲೈನಲ್ಲಿ ವಿ4 ನಮ್ಮ ದೇಶಕ್ಕೆ ಬಂದಾಗ ಅದರ ಆರಂಭದ ಬೆಲೆ 18 ಲಕ್ಷ 99 ಸಾವಿರ ರೂಪಾಯಿ. ಆರ್.ಎಸ್. ಬಂದದ್ದು 38 ಲಕ್ಷದ ಮೇಲಕ್ಕೆ. ಕಳೆದುಹೋದ ದೇವರನ್ನು ಹಿಂದಕ್ಕೆ ತಂದರು, ಆದರೆ ದರ್ಶನದ ಚೀಟಿಯ ಬೆಲೆ ಇಮ್ಮಡಿ! ಹಳಬರು ಆ ಬೆಲೆಯನ್ನು ಕೇಳಿದ ಭಾನುವಾರ ಎರಡು ಕಾಫಿ ಕುಡಿದರು, ಮಾತಾಡಲಿಲ್ಲ. ನನಗೆ ಅಂದು ಕಂಪನಿಯವರ ಮೇಲೆ ನಿಜವಾಗಿಯೂ ಸಿಟ್ಟು ಬಂತು. ಡೆಸ್ಮೊ ಬೇಡವೆಂದು ಬಿಟ್ಟದ್ದು ನ್ಯಾಯ. ಬೇಡವಾದದ್ದನ್ನೇ ನೆನಪಿನ ಬೆಲೆ ಕಟ್ಟಿ ಮಾರುವುದು ಯಾವ ನ್ಯಾಯ? ಆ ಬಂಡಿ ಹಲವು ರಸ್ತೆಗಳದ್ದೂ ಅಲ್ಲ. ನುಣ್ಣನೆಯ ಒಂದೇ ರಸ್ತೆಯದು.

ನನಗೆ ಯಾರಾದರೂ ಮಲ್ಟಿಸ್ಟ್ರಾಡಾ ದಾನ ಮಾಡುವುದಾದರೆ (ಇಂಥ ದಾನಿಗಳು ನಮ್ಮ ಜಿಲ್ಲೆಯಲ್ಲಿ ಇದ್ದರೆ ಪ್ರಾಂಶುಪಾಲರ ಮೂಲಕ ತಿಳಿಸಬೇಕಾಗಿ ಕೋರಿಕೆ) ರೇಡಾರ್ ಇಲ್ಲದ, ಕೈಯಿಂದಲೇ ಸಸ್ಪೆನ್ಷನ್ನು ತಿರುಗಿಸಿಕೊಳ್ಳುವ, ಸ್ಪ್ರಿಂಗಿನ ವಾಲ್ವುಳ್ಳ ಸಾದಾ ವಿ4 ಸಾಕು ಎನ್ನುತ್ತೇನೆ. ಹೀಗೆಂದಾಗ ಮೂವರೂ ಒಟ್ಟಿಗೆ ನಕ್ಕರು. ಆ ಮೂವರನ್ನು ನಾನು ಒಮ್ಮತದಿಂದ ಕಂಡದ್ದು ಅದೊಂದೇ ಸಲ.

ಕಳೆದ ಬೇಸಿಗೆಯಲ್ಲಿ ಮದುವೆಯೊಂದಕ್ಕೆ ಬಂದಿದ್ದ ಮಾವನವರನ್ನು ಭಾನುವಾರ ಹೋಟೆಲಿಗೆ ಕರೆದುಕೊಂಡು ಹೋದೆ. ಹೊಸಬರು ಬಹಳ ಮರ್ಯಾದಸ್ಥರು. “ಕೂತ್ಕೊಂಡು ನೋಡಿ ಯಜಮಾನ್ರೇ” ಎಂದರು. ಮಾವನವರು ಕೂರಲಿಲ್ಲ. ಪಂಚೆ ಎತ್ತಿ ಕಟ್ಟಿಕೊಂಡು ಕುಕ್ಕುರುಗಾಲಿನಲ್ಲಿ ಕುಳಿತು ಎಡಗಡೆ ಬಗ್ಗಿ ನೋಡಿದರು, ಬಲಗಡೆ ಬಗ್ಗಿ ನೋಡಿದರು.

“ಪ್ಲಗ್ ಎಲ್ಲಿದೆ ಸ್ವಾಮಿ?”

ಹೊಸಬರು ತಲೆ ಕೆರೆದುಕೊಂಡರು. “ಒಳಗೆಲ್ಲೋ ಇದೆ ಯಜಮಾನ್ರೇ. ನಾನೂ ನೋಡಿಲ್ಲ.”

“ದಾರೀಲಿ ಕೆಟ್ಟರೆ?”

“ಫೋನ್ ಮಾಡಿದ್ರೆ ಲಾರಿ ಬರುತ್ತೆ.”

“ಹಾಗಾದ್ರೆ ಲಾರಿ ಬರೋ ಕಡೆಗೇ ಹೋಗ್ತೀರಿ ಅನ್ನಿ” ಎಂದು ಮಾವನವರು ಮಂಡಿ ಹಿಡಿದು ಎದ್ದರು. ಹೊಸಬರು ಗಟ್ಟಿಯಾಗಿ ನಕ್ಕು ಅವರ ಕಾಫಿಯ ಹಣವನ್ನೂ ತಾವೇ ಗಲ್ಲಾದ ಮೇಲಿಟ್ಟರು. ಹಳಬರು ಮಾತ್ರ ಯೆಜ್ಡಿ ಎಲ್ಲಿದೆ, ನೋಡಲು ಯಾವಾಗ ಬರಬಹುದು ಎಂದು ಮಾವನವರ ವಿಳಾಸವನ್ನು ಕೇಳಿ ಬರೆದುಕೊಂಡರು.